ಮಿಸ್ ಇಂಡಿಯಾ ಗೆದ್ದಾಯಿತು, ಮುಂದೇನು?

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಈಚೆಗೆ ಒಂದು ಬಗೆಯ ಸುದ್ದಿ ಆಗಾಗ ಕಾಣಿಸಿಕೊಳ್ಳುತ್ತದೆ. ತಲೆಯ ಮೇಲೆ ಹರಳಿನ ಕಿರೀಟ, ಹೆಗಲಿನಿಂದ ಸೊಂಟಕ್ಕೆ ಇಳಿಬಿದ್ದ ಪಟ್ಟಿ, ಪಕ್ಕದಲ್ಲಿ ಹೆಮ್ಮೆಯಿಂದ ನಿಂತ ತಂದೆ-ತಾಯಿ, ಅಡಿಯಲ್ಲಿ ‘ರಾಷ್ಟ್ರಮಟ್ಟದ ಸೌಂದರ್ಯ ಸ್ಪರ್ಧೆಯಲ್ಲಿ ಜಿಲ್ಲೆಯ ಯುವತಿಗೆ ಪ್ರಶಸ್ತಿ’ ಎಂಬ ಸಾಲು. ಅದನ್ನು ಓದಿದ ಹಿರಿಯರು ‘ಗೆದ್ಲು, ಭಾಳ ಚಲೋ ಆತು, ಮುಂದ ಏನ್ ಮಾಡ್ತಾಳ?’ ಎಂದು ಕೇಳುತ್ತಾರೆ. ಆ ಮಾತಿನಲ್ಲಿ ತುಸು ಕೊಂಕು ಇದ್ದರೂ ಇರಬಹುದು, ಆದರೆ ಪ್ರಶ್ನೆ ಮಾತ್ರ ಸರಿಯಾದದ್ದು. ರಾಷ್ಟ್ರೀಯ ಸುಂದರಿಯೊಬ್ಬಳ ಬದುಕನ್ನು ಅರ್ಥ ಮಾಡಿಕೊಳ್ಳಬೇಕಾದರೆ ಕಿರೀಟ ಇಟ್ಟ ರಾತ್ರಿಯನ್ನು ನೋಡಿ ಪ್ರಯೋಜನವಿಲ್ಲ. ಆ ಕಿರೀಟ ಯಾರ ಸ್ವತ್ತು, ಅದರೊಂದಿಗೆ ಬರುವ ಕರಾರು ಎಂಥದು, ಕರಾರು ಮುಗಿದ ಮೇಲೆ ಆಕೆಯ ಕೈಯಲ್ಲಿ ಉಳಿಯುವುದೇನು ಎಂಬುದನ್ನು ನೋಡಬೇಕು.

ಮೊದಲಿಗೆ ಯಾವ ಕಿರೀಟ ಎಂಬ ವಿಷಯ. ಕ್ರೀಡೆಯಲ್ಲಿ ರಾಷ್ಟ್ರೀಯ ಫೆಡರೇಶನ್‌ಗಳಿವೆ, ಸಿನಿಮಾಕ್ಕೆ ಸರ್ಕಾರವೇ ಕೊಡುವ ರಾಷ್ಟ್ರ ಪ್ರಶಸ್ತಿಯಿದೆ. ಸೌಂದರ್ಯ ಸ್ಪರ್ಧೆಗೆ ಅಂಥ ಯಾವ ಸರ್ಕಾರಿ ಮಾನ್ಯತೆಯೂ ಇಲ್ಲ. ಎಲ್ಲವೂ ಖಾಸಗಿ ಸಂಸ್ಥೆಗಳು ನಡೆಸುವ ಕಾರ್ಯಕ್ರಮಗಳು. ಆದ್ದರಿಂದ ಹೆಸರಿನಲ್ಲಿ ‘ಇಂಡಿಯಾ’ ಎಂದಿರುವ ಸ್ಪರ್ಧೆಗಳು ಹತ್ತಾರು ಇವೆ, ಅವುಗಳ ತೂಕ ಮಾತ್ರ ಒಂದೇ ಅಲ್ಲ. ಒಂದು ರಾಷ್ಟ್ರೀಯ ಕಿರೀಟದ ತೂಕವನ್ನು ಅಳೆಯಲು ಇರುವ ಮುಖ್ಯ ಗುರುತೆಂದರೆ, ಅದನ್ನು ಗೆದ್ದವರನ್ನು ಯಾವ ಅಂತರರಾಷ್ಟ್ರೀಯ ಸ್ಪರ್ಧೆಗೆ ಕಳುಹಿಸಲು ಆ ಸಂಸ್ಥೆಯ ಬಳಿ ಪರವಾನಗಿ ಇದೆ ಎಂಬುದು.

ಈ ಪರವಾನಗಿಯ ವ್ಯವಹಾರವೇ ಹೊರಗಿನವರಿಗೆ ಗೋಜಲಾಗಿ ಕಾಣುತ್ತದೆ. ಮಿಸ್ ವರ್ಲ್ಡ್, ಅಂದರೆ ವಿಶ್ವ ಸುಂದರಿ ಸ್ಪರ್ಧೆಯನ್ನು 1951ರಲ್ಲಿ ಲಂಡನ್ನಿನಲ್ಲಿ ಎರಿಕ್ ಮಾರ್ಲಿ ಆರಂಭಿಸಿದರು. ಅವರ ನಂತರ ಅದನ್ನು ನಡೆಸುತ್ತ ಬಂದವರು ಪತ್ನಿ ಜೂಲಿಯಾ ಮಾರ್ಲಿ. ಮಿಸ್ ಯೂನಿವರ್ಸ್, ಅಂದರೆ ಭುವನ ಸುಂದರಿ ಸ್ಪರ್ಧೆ 1952ರಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಈಜುಡುಗೆ ತಯಾರಿಸುವ ಕಂಪನಿಯೊಂದರ ಪ್ರಚಾರಕ್ಕಾಗಿ ಹುಟ್ಟಿತು. 1996ರಿಂದ 2015ರವರೆಗೆ ಅದರ ಒಡೆತನದಲ್ಲಿ ಡೊನಾಲ್ಡ್ ಟ್ರಂಪ್ ಇದ್ದರು, 2022ರಲ್ಲಿ ಅದು ಥಾಯ್ಲೆಂಡಿನ ಕಂಪನಿಯೊಂದರ ಕೈಗೆ ಬಂತು. ಇವೆರಡರ ನಡುವೆ ಯಾವ ಸಂಬಂಧವೂ ಇಲ್ಲ. ಭಾರತದಲ್ಲಿ ಟೈಮ್ಸ್ ಸಮೂಹದ ‘ಫೆಮಿನಾ’ ಪತ್ರಿಕೆ 1964ರಿಂದ ಸ್ಪರ್ಧೆ ನಡೆಸುತ್ತ ಬಂದಿದೆ. ಅದರ ಮೊದಲ ವಿಜೇತೆ ಮೆಹೆರ್ ಕ್ಯಾಸ್ಟೆಲಿನೊ. ಬಹುಕಾಲ ಭುವನ ಸುಂದರಿ ಸ್ಪರ್ಧೆಗೂ ಇಲ್ಲಿಂದಲೇ ಸ್ಪರ್ಧಿ ಹೋಗುತ್ತಿದ್ದರು. 2010ರಲ್ಲಿ ಆ ಹಕ್ಕು ಸುಷ್ಮಿತಾ ಸೇನ್ ಕಟ್ಟಿದ ‘ಐ ಆ್ಯಮ್ ಶೀ’ ಸ್ಪರ್ಧೆಗೆ ಹೋಯಿತು, 2013ರಲ್ಲಿ ‘ಮಿಸ್ ದಿವಾ’ ಹೆಸರಿನಲ್ಲಿ ಮತ್ತೆ ಟೈಮ್ಸ್‌ಗೆ ಮರಳಿತು, 2024ರಿಂದ ‘ಮಿಸ್ ಯೂನಿವರ್ಸ್ ಇಂಡಿಯಾ’ ಎಂದು ಬೇರೆಯೇ ಸಂಸ್ಥೆ ನಡೆಸುತ್ತಿದೆ. ಹೀಗಾಗಿ ‘ಈ ವರ್ಷದ ಮಿಸ್ ಇಂಡಿಯಾ ಯಾರು’ ಎಂಬ ಪ್ರಶ್ನೆಗೆ ಒಂದಕ್ಕಿಂತ ಹೆಚ್ಚು ಉತ್ತರಗಳಿರುತ್ತವೆ, ಮತ್ತು ಎಲ್ಲವೂ ಸರಿಯಾದ ಉತ್ತರಗಳೇ.

ಆಯ್ಕೆಯ ಹಂತಗಳನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. 2017ರಿಂದ ಫೆಮಿನಾ ಸ್ಪರ್ಧೆ ರಾಜ್ಯವಾರು ನಡೆಯುತ್ತದೆ: ಅರ್ಜಿ, ಆಡಿಷನ್, ರಾಜ್ಯದ ಒಬ್ಬ ಪ್ರತಿನಿಧಿಯ ಆಯ್ಕೆ, ಎಲ್ಲ ಪ್ರತಿನಿಧಿಗಳಿಗೆ ಒಟ್ಟಿಗೆ ತರಬೇತಿ, ಅಂತಿಮ ಸುತ್ತು. ರಾಜ್ಯದ ಪ್ರತಿನಿಧಿ ಆ ರಾಜ್ಯದಲ್ಲಿಯೇ ಹುಟ್ಟಿ ಬೆಳೆದಿರಬೇಕೆಂದಿಲ್ಲ. 2022ರಲ್ಲಿ ಕರ್ನಾಟಕದ ಹೆಸರಿನಲ್ಲಿ ಕಿರೀಟ ಗೆದ್ದ ಸಿನಿ ಶೆಟ್ಟಿ ಹುಟ್ಟಿದ್ದು ಮುಂಬೈಯಲ್ಲಿ, ಮೂಲ ಉಡುಪಿಯ ಕಡೆಯದು. ನಮ್ಮ ಭಾಗದ ಹುಡುಗಿಯರಿಗೆ ಇದರ ಅರ್ಥವೇನೆಂದರೆ, ಕರ್ನಾಟಕದ ಒಂದು ಸ್ಥಾನಕ್ಕಾಗಿ ಅವರು ಬೆಂಗಳೂರು, ಮಂಗಳೂರಿನವರೊಂದಿಗೆ ಮಾತ್ರವಲ್ಲ, ರ‍್ಯಾಂಪ್ ಮತ್ತು ಜಾಹೀರಾತು ಉದ್ಯಮದ ಪಕ್ಕದಲ್ಲಿಯೇ ಬೆಳೆದ ಮುಂಬೈ ಕನ್ನಡಿಗರೊಂದಿಗೂ ಸೆಣಸಬೇಕು. ಬೆಳಗಾವಿಯಿಂದ ಬೆಂಗಳೂರಿಗಾಗಲಿ ಮುಂಬೈಗಾಗಲಿ ಒಂದು ಇಡೀ ರಾತ್ರಿಯ ಪ್ರಯಾಣ. ಮಗಳ ಜೊತೆಗೆ ಅಪ್ಪನೋ ಅಣ್ಣನೋ ಹೋಗಲೇಬೇಕು ಎಂಬ ಮನೆಗಳಲ್ಲಿ ಪ್ರತಿಯೊಂದು ಆಡಿಷನ್ನಿನ ಖರ್ಚೂ ಇಬ್ಬರದು. ಪ್ರತಿಭೆಯ ಮಾತು ಬರುವ ಮೊದಲೇ ಈ ಲೆಕ್ಕ ಎದುರು ನಿಂತಿರುತ್ತದೆ.

ಗೆದ್ದವರು ಸಹಿ ಹಾಕುವ ಕರಾರಿನ ಬಗ್ಗೆ ಸುದ್ದಿಗಳಲ್ಲಿ ಏನೂ ಬರುವುದಿಲ್ಲ, ಆದರೆ ಅವರ ಮುಂದಿನ ದಿನಗಳನ್ನು ನಿರ್ಧರಿಸುವುದು ಅದೇ. ಕಿರೀಟ ಇರುವ ಅವಧಿಯಲ್ಲಿ ಪ್ರಾಯೋಜಕರ ಕಾರ್ಯಕ್ರಮಗಳಿಗೆ ಹಾಜರಾಗಬೇಕು, ಸಂಸ್ಥೆಯ ಒಪ್ಪಿಗೆಯಿಲ್ಲದೆ ಜಾಹೀರಾತು, ಸಿನಿಮಾ ಒಪ್ಪಿಕೊಳ್ಳುವಂತಿಲ್ಲ, ಅಂತರರಾಷ್ಟ್ರೀಯ ಸ್ಪರ್ಧೆಯ ತರಬೇತಿಗೆ ಸಿದ್ಧರಿರಬೇಕು. ಈ ಭಾಗದಲ್ಲಿ ಹೊಲವನ್ನು ಲಾವಣಿಗೆ ಮಾಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ: ದುಡಿಮೆ ನಿಮ್ಮದೇ, ಬೆಳೆಯಲ್ಲಿ ಪಾಲೂ ಉಂಟು, ಆದರೆ ಹೊಲ ಬೇರೆಯವರದು, ಅವಧಿ ಮುಗಿದ ದಿನ ಬಿಟ್ಟುಕೊಡಲೇಬೇಕು. ಕರಾರಿನಂತೆ ನಡೆಯದಿದ್ದರೆ ಕಿರೀಟ ಮರಳಿ ಹೋಗುವುದೂ ಉಂಟು. 2002ರ ಭುವನ ಸುಂದರಿ, ರಷ್ಯಾದ ಒಕ್ಸಾನಾ ಫೆಡೊರೋವಾ ಅವರಿಂದ ನಾಲ್ಕೇ ತಿಂಗಳಲ್ಲಿ ಪಟ್ಟವನ್ನು ಹಿಂತೆಗೆದುಕೊಂಡು ಪನಾಮಾದ ಜಸ್ಟೀನ್ ಪಾಸೆಕ್ ಅವರಿಗೆ ಕೊಡಲಾಯಿತು. ವಹಿಸಿದ ಕೆಲಸಗಳನ್ನು ನಿರ್ವಹಿಸಲಿಲ್ಲ ಎಂಬುದು ಸಂಸ್ಥೆ ಕೊಟ್ಟ ಕಾರಣ. ಇನ್ನು ಅವಧಿಯೂ ಯಾವಾಗಲೂ ಒಂದು ವರ್ಷಕ್ಕೆ ನಿಲ್ಲುವುದಿಲ್ಲ. 2022ರ ಜುಲೈಯಲ್ಲಿ ಗೆದ್ದ ಸಿನಿ ಶೆಟ್ಟಿ ವಿಶ್ವ ಸುಂದರಿ ವೇದಿಕೆ ಏರಿದ್ದು 2024ರ ಮಾರ್ಚ್‌ನಲ್ಲಿ, ಮುಂಬೈಯಲ್ಲಿ. ಅಲ್ಲಿ ಕೊನೆಯ ಎಂಟು ಮಂದಿಯವರೆಗೆ ತಲುಪಿದರು. 2023ರ ಏಪ್ರಿಲ್‌ನಲ್ಲಿ ಇಂಫಾಲದಲ್ಲಿ ಗೆದ್ದ ರಾಜಸ್ಥಾನದ ನಂದಿನಿ ಗುಪ್ತಾ ಹೈದರಾಬಾದಿನ ವಿಶ್ವ ಸುಂದರಿ ಸ್ಪರ್ಧೆಗಾಗಿ 2025ರ ಮೇ ತಿಂಗಳವರೆಗೆ ಕಾದರು. ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ ಎರಡು ವರ್ಷವೆಂದರೆ ಒಂದು ಸ್ನಾತಕೋತ್ತರ ಪದವಿಯ ಕಾಲ.

ಕಿರೀಟದ ವರ್ಷ ಮತ್ತು ಅದರಾಚೆಯ ವೃತ್ತಿ ಹೇಗೆ ಬೇರೆ ಬೇರೆ ಎಂಬುದನ್ನು ರೀತಾ ಫಾರಿಯಾ ಅವರ ಬದುಕಿನಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಉದಾಹರಣೆ ಭಾರತದಲ್ಲಿಲ್ಲ. ವೈದ್ಯಕೀಯ ಸೀಟಿಗಾಗಿ ಮನೆಮಂದಿಯೆಲ್ಲ ತಪಸ್ಸು ಮಾಡುವ ನಮ್ಮ ಊರುಗಳ ಓದುಗರಿಗೆ ಅದು ಹೆಚ್ಚು ಹತ್ತಿರವೆನಿಸಬಹುದು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು 1963ರಲ್ಲಿ ಆರಂಭವಾಯಿತು. ಅದಾದ ಮೂರು ವರ್ಷಕ್ಕೆ, ಮುಂಬೈಯ ಗ್ರಾಂಟ್ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ವಿಶ್ವ ಸುಂದರಿಯಾದಳು ಎಂಬ ಸುದ್ದಿ ಬಂತು. ರೀತಾ ಗೋವಾ ಮೂಲದ ಕುಟುಂಬದವರು, 1943ರಲ್ಲಿ ಮುಂಬೈಯಲ್ಲಿ ಹುಟ್ಟಿದವರು. ಅವರು ಗೆದ್ದದ್ದು ಫೆಮಿನಾ ಕಿರೀಟವನ್ನಲ್ಲ, ‘ಈವ್ಸ್ ವೀಕ್ಲಿ’ ಪತ್ರಿಕೆ ನಡೆಸುತ್ತಿದ್ದ ಬೇರೊಂದು ಮಿಸ್ ಇಂಡಿಯಾ ಸ್ಪರ್ಧೆಯನ್ನು. ಅದೇ 1966ರ ಫೆಮಿನಾ ವಿಜೇತೆ ಯಾಸ್ಮಿನ್ ದಾಜಿ. ಅವರು ಭುವನ ಸುಂದರಿ ಸ್ಪರ್ಧೆಗೆ ಹೋಗಿ ಮೂರನೇ ರನ್ನರ್ ಅಪ್ ಆದರು. ಒಂದೇ ವರ್ಷಕ್ಕೆ ಇಬ್ಬರು ಮಿಸ್ ಇಂಡಿಯಾ ಇರುವುದು ಇಂದಿನ ವಿಚಿತ್ರವೇನಲ್ಲ.

ವಿದೇಶಿ ವಿನಿಮಯದ ಬಿಗಿ ನಿಯಮಗಳ ಕಾಲ ಅದು. ರೀತಾ ಲಂಡನ್ನಿಗೆ ಹೋದಾಗ ಕೈಯಲ್ಲಿದ್ದದ್ದು ಮೂರು ಪೌಂಡ್. ಉಟ್ಟ ಸೀರೆ ಎರವಲು, ಈಜುಡುಗೆಯೂ ಎರವಲು, ಅದು ಹಿಂದಿನ ವರ್ಷದ ಮಿಸ್ ಇಂಡಿಯಾ ಪರ್ಸಿಸ್ ಖಂಬಾಟಾ ಅವರದು. 1966ರ ನವೆಂಬರ್ 17ರಂದು 51 ಸ್ಪರ್ಧಿಗಳ ನಡುವೆ ಅವರು ಗೆದ್ದರು. ಆ ಪಟ್ಟಕ್ಕೇರಿದ ಮೊದಲ ಏಷ್ಯಾದ ಮಹಿಳೆ ಅವರೇ. ಮುಂದಿನ ವರ್ಷವಿಡೀ ಕರಾರಿನ ಪ್ರಕಾರ ದೇಶ ದೇಶ ಸುತ್ತಾಟ. ಗೆದ್ದ ಮರುತಿಂಗಳು, 1966ರ ಡಿಸೆಂಬರ್‌ನಲ್ಲಿಯೇ ಅಮೆರಿಕದ ಹಾಸ್ಯನಟ ಬಾಬ್ ಹೋಪ್ ತಂಡದೊಂದಿಗೆ ವಿಯೆಟ್ನಾಂನಲ್ಲಿದ್ದ ಅಮೆರಿಕನ್ ಸೈನಿಕರ ಮುಂದೆ ಕಾಣಿಸಿಕೊಂಡದ್ದು ಭಾರತದಲ್ಲಿ ದೊಡ್ಡ ಟೀಕೆಗೆ ಕಾರಣವಾಯಿತು, ಏಕೆಂದರೆ ಆ ಯುದ್ಧವನ್ನು ಭಾರತ ಸರ್ಕಾರ ಒಪ್ಪಿರಲಿಲ್ಲ. ಇಪ್ಪತ್ಮೂರು ವರ್ಷದ ವಿದ್ಯಾರ್ಥಿನಿಯೊಬ್ಬಳ ಪ್ರವಾಸ ವಿದೇಶಾಂಗ ನೀತಿಯ ವಿಷಯವಾಗಿಬಿಟ್ಟಿತ್ತು. ದೇಶದ ಹೆಸರಿನ ಪಟ್ಟಿ ಹೆಗಲ ಮೇಲೆ ಬಿದ್ದ ಕ್ಷಣದಿಂದ ಸ್ವಂತ ನಡೆ ಎಂಬುದು ಎಷ್ಟರಮಟ್ಟಿಗೆ ಸ್ವಂತದ್ದಾಗಿ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ವರ್ಷ ಮುಗಿಯಿತು. ಮಾಡೆಲಿಂಗ್ ಮತ್ತು ಸಿನಿಮಾ ಎರಡನ್ನೂ ಬದಿಗಿಟ್ಟು ರೀತಾ ಓದಿಗೆ ಮರಳಿದರು. ಎಂಬಿಬಿಎಸ್ ಮುಗಿಸಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಮುಂದಿನ ಅಭ್ಯಾಸ ಮಾಡಿದರು. ಅಲ್ಲಿ ಪರಿಚಯವಾದ ವೈದ್ಯ ಡೇವಿಡ್ ಪೊವೆಲ್ ಅವರನ್ನು 1971ರಲ್ಲಿ ಮದುವೆಯಾಗಿ, 1973ರಲ್ಲಿ ಐರ್ಲೆಂಡಿನ ಡಬ್ಲಿನ್‌ಗೆ ಹೋಗಿ ಅಲ್ಲಿಯೇ ನೆಲೆಸಿದರು. ಕೆಲವು ಬಾರಿ ತೀರ್ಪುಗಾರರಾಗಿ ಸ್ಪರ್ಧೆಯ ವೇದಿಕೆಗೆ ಬಂದದ್ದನ್ನು ಬಿಟ್ಟರೆ ಅವರ ಬದುಕಿನಲ್ಲಿ ಕಿರೀಟದ ಪಾಲು ಒಂದೇ ವರ್ಷದ್ದು. ಇದನ್ನು ತ್ಯಾಗವೆಂದು ಹೊಗಳುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅವರ ಕೈಯಲ್ಲಿ ಆಗಲೇ ಒಂದು ವೃತ್ತಿ ಇತ್ತು, ಕಿರೀಟ ಅದಕ್ಕಿಂತ ಉತ್ತಮವಾದದ್ದೇನನ್ನೂ ಮುಂದಿಡಲಿಲ್ಲ, ಅಷ್ಟೇ.

1966ರ ನಂತರ 28 ವರ್ಷ ಈ ಎರಡು ದೊಡ್ಡ ಸ್ಪರ್ಧೆಗಳ ಅಗ್ರಪಟ್ಟ ಭಾರತಕ್ಕೆ ಬರಲಿಲ್ಲ. 1994ರಲ್ಲಿ ಎರಡೂ ಒಟ್ಟಿಗೆ ಬಂದವು: ಮೇ ತಿಂಗಳಲ್ಲಿ ಮನಿಲಾದಲ್ಲಿ ಸುಷ್ಮಿತಾ ಸೇನ್, ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಸನ್ ಸಿಟಿಯಲ್ಲಿ ಐಶ್ವರ್ಯಾ ರೈ. ಮುಂದೆ ಡಯಾನಾ ಹೇಡನ್, ಯುಕ್ತಾ ಮುಖಿ, 2000ದಲ್ಲಿ ಲಾರಾ ದತ್ತಾ ಮತ್ತು ಪ್ರಿಯಾಂಕಾ ಚೋಪ್ರಾ. ಏಳು ವರ್ಷಗಳಲ್ಲಿ ಆರು ಕಿರೀಟ. 1991ರ ನಂತರ ಮಾರುಕಟ್ಟೆ ತೆರೆದದ್ದೂ, ವಿದೇಶಿ ಪ್ರಸಾಧನ ಕಂಪನಿಗಳು ಬಂದದ್ದೂ, ಉಪಗ್ರಹ ಟಿವಿ ಮನೆ ಮನೆಗೆ ಹೊಕ್ಕದ್ದೂ ಇದೇ ಕಾಲದಲ್ಲಿ; ಆ ಮಾರುಕಟ್ಟೆಗಾಗಿಯೇ ಕಿರೀಟ ಕೊಟ್ಟರು ಎಂದು ಆಗ ಅನೇಕರು ವಾದಿಸಿದರು. ಪೂರ್ತಿ ತಳ್ಳಿಹಾಕುವ ವಾದವಲ್ಲ, ಆದರೆ ತೀರ್ಪುಗಾರರ ಮನಸ್ಸಿನೊಳಗೆ ಇಳಿದು ನೋಡಿದವರೂ ಇಲ್ಲ. ನಿಸ್ಸಂದೇಹವಾಗಿ ಹೇಳಬಹುದಾದ ಮಾತೆಂದರೆ, ಭಾರತೀಯ ಸ್ಪರ್ಧಿಗಳ ತಯಾರಿ ಆ ದಶಕದಲ್ಲಿ ಬದಲಾಯಿತು. ನಡಿಗೆ, ಉಚ್ಚಾರ, ಆಹಾರ, ಪ್ರಶ್ನೋತ್ತರ ಪ್ರತಿಯೊಂದಕ್ಕೂ ಪ್ರತ್ಯೇಕ ತರಬೇತುದಾರರು ಬಂದರು.

1994ರ ಮಿಸ್ ಇಂಡಿಯಾ ಅಂತಿಮ ಸುತ್ತು ನಮ್ಮ ಪಕ್ಕದ ಗೋವಾದಲ್ಲಿ ನಡೆಯಿತು. ಸುಷ್ಮಿತಾ, ಐಶ್ವರ್ಯಾ ಇಬ್ಬರ ಅಂಕಗಳೂ ಸಮವಾದಾಗ ಸುಷ್ಮಿತಾ ಅವರಿಗೆ ಬಂದ ಪ್ರಶ್ನೆ ದೇಶದ ಜವಳಿ ಪರಂಪರೆಯ ಬಗ್ಗೆ. ಗಾಂಧೀಜಿಯ ಖಾದಿಯಿಂದ ಅವರು ಉತ್ತರ ಆರಂಭಿಸಿದರು. ಆ ರಾತ್ರಿ ಅವರು ತೊಟ್ಟಿದ್ದ ಗೌನು ಪೇಟೆಯಲ್ಲಿ ಕೊಂಡ ಬಟ್ಟೆಯಿಂದ ಬಡಾವಣೆಯ ದರ್ಜಿಯೊಬ್ಬರು ಹೊಲಿದದ್ದು ಎಂದು ಅವರೇ ಟಿವಿ ಸಂದರ್ಶನದಲ್ಲಿ ಹೇಳಿಕೊಂಡಿದ್ದಾರೆ. ಅದೇ ಪ್ರಶ್ನೆ ಬಾಗಲಕೋಟೆ ಜಿಲ್ಲೆಯ ಹುಡುಗಿಗೆ ಬಂದಿದ್ದರೆ ಖಾದಿಯವರೆಗೂ ಹೋಗಬೇಕಿರಲಿಲ್ಲ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಮಗ್ಗದ ಮೇಲೆ ಆ ಎರಡರ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸುತ್ತಾರೆ. ಆದ್ದರಿಂದಲೇ ಒಂದೊಂದು ಸೀರೆಗೂ ಹಾಸನ್ನು ಹೊಸದಾಗಿ ಅಣಿಗೊಳಿಸಬೇಕು, ಉದ್ದನೆಯ ಒಂದೇ ಹಾಸಿನ ಮೇಲೆ ಸಾಲು ಸಾಲಾಗಿ ನೇಯ್ದು ಕತ್ತರಿಸಿಕೊಳ್ಳುವ ಅನುಕೂಲ ಇಲ್ಲಿಲ್ಲ. ಅದರ ಮೇಲೆ ಕಸೂತಿ ಬಂದರೆ ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆ. ಗವಂತಿ ಮತ್ತು ಮುರಗಿಯಲ್ಲಿ ಗಂಟೇ ಇರದೆ ಎರಡೂ ಬದಿ ಒಂದೇ ತೆರನಾಗಿ ಕಾಣುತ್ತದೆ. ಜೊತೆಗೆ ಗುಳೇದಗುಡ್ಡದ ಖಣದ ಕುಪ್ಪಸ. ವೇದಿಕೆಯ ಮೇಲೆ ಮೂವತ್ತು ಸೆಕೆಂಡಿನಲ್ಲಿ ಹೇಳಲು ಇದು ಬೇಕಾದಷ್ಟಾಯಿತು. ಪ್ರಶ್ನೋತ್ತರ ಸುತ್ತು ಪರೀಕ್ಷಿಸುವುದು ಇಂಗ್ಲಿಷನ್ನು ಎಂಬ ಅಂಜಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅಂತರರಾಷ್ಟ್ರೀಯ ವೇದಿಕೆಗಳಲ್ಲಿ ಸ್ಪರ್ಧಿಗಳು ತಮ್ಮ ಭಾಷೆಯಲ್ಲಿ ಉತ್ತರಿಸಿ ದುಭಾಷಿಯ ನೆರವು ಪಡೆಯುವುದು ಸಾಮಾನ್ಯ. ಹೇಳಲು ಸ್ವಂತದ್ದೇನಾದರೂ ಇದೆಯೇ ಎಂಬುದೇ ದೊಡ್ಡ ಪ್ರಶ್ನೆ.

ಕಿರೀಟ ಸಿಕ್ಕರೆ ಸಿನಿಮಾ ಸಿಕ್ಕಂತೆ ಎಂಬ ನಂಬಿಕೆಯನ್ನು ಇಸವಿಗಳೊಂದಿಗೆ ಹೋಲಿಸಿ ನೋಡಬೇಕು. ಐಶ್ವರ್ಯಾ 1994ರಲ್ಲಿ ಗೆದ್ದರು, ಮೊದಲ ಚಿತ್ರ ತೆರೆಕಂಡದ್ದು 1997ರಲ್ಲಿ, ಅದೂ ತಮಿಳಿನಲ್ಲಿ. ಪ್ರಿಯಾಂಕಾ 2000ದಲ್ಲಿ ಗೆದ್ದರು, ಮೊದಲ ಚಿತ್ರ 2002ರಲ್ಲಿ, ಅದೂ ತಮಿಳೇ. ಲಾರಾ ದತ್ತಾ ಅವರಿಗೆ ಮೂರು ವರ್ಷ ಹಿಡಿಯಿತು. 2017ರಲ್ಲಿ ಚೀನಾದ ಸಾನ್ಯಾದಲ್ಲಿ ವಿಶ್ವ ಸುಂದರಿಯಾದ ಹರಿಯಾಣದ ವೈದ್ಯಕೀಯ ವಿದ್ಯಾರ್ಥಿನಿ ಮಾನುಷಿ ಛಿಲ್ಲರ್ ಅವರ ಮೊದಲ ಚಿತ್ರ 2022ರಲ್ಲಿ ಬಂತು. ಇವರೆಲ್ಲ ಜಗತ್ತಿನ ಪಟ್ಟ ಗೆದ್ದವರು. ರಾಷ್ಟ್ರೀಯ ಕಿರೀಟಕ್ಕೆ ನಿಂತವರ ಪೈಕಿ ಬಹುಪಾಲು ಜನರ ಹೆಸರು ಈಗ ನೆನಪಿನಲ್ಲಿಲ್ಲ. ಅವರು ಟಿವಿ ನಿರೂಪಣೆ, ಉಡುಪು ಉದ್ಯಮ, ತರಬೇತಿ, ಕಾರ್ಪೊರೇಟ್ ಕೆಲಸ ಎಂದು ಹಲವು ದಾರಿ ಹಿಡಿದರು. ಮೆಹೆರ್ ಕ್ಯಾಸ್ಟೆಲಿನೊ ಅವರೇ ಮುಂದೆ ಫ್ಯಾಷನ್ ಪತ್ರಕರ್ತೆಯಾಗಿ ಹೆಸರು ಮಾಡಿದರು. ಇವು ಸೋಲಿನ ದಾರಿಗಳಲ್ಲ, ಸುದ್ದಿಯಾಗದ ದಾರಿಗಳು.

ಕನ್ನಡ ನಾಡಿನ ಎರಡು ಈಚಿನ ಉದಾಹರಣೆಗಳು ಇದನ್ನೇ ಹೇಳುತ್ತವೆ. ಭದ್ರಾವತಿಯ ಆಶಾ ಭಟ್ 2014ರ ಡಿಸೆಂಬರ್‌ನಲ್ಲಿ ಪೋಲೆಂಡಿನಲ್ಲಿ, ಇನ್ನೊಂದು ಅಂತರರಾಷ್ಟ್ರೀಯ ಸ್ಪರ್ಧೆಯಾದ ಮಿಸ್ ಸುಪ್ರಾನ್ಯಾಷನಲ್ ಗೆದ್ದರು. ಆ ಪಟ್ಟ ಭಾರತಕ್ಕೆ ಬಂದದ್ದು ಅದೇ ಮೊದಲು. ಹಿಂದಿ ಚಿತ್ರ ಬಂದದ್ದು 2019ರಲ್ಲಿ, ಕನ್ನಡ ಚಿತ್ರ 2021ರಲ್ಲಿ. 2016ರಲ್ಲಿ ಅದೇ ಪಟ್ಟ ಗೆದ್ದ ಕರಾವಳಿಯ ಶ್ರೀನಿಧಿ ಶೆಟ್ಟಿ ಎರಡು ವರ್ಷದಲ್ಲಿ ಕನ್ನಡ ತೆರೆಗೆ ಬಂದರು. ಇಬ್ಬರೂ ಎಂಜಿನಿಯರಿಂಗ್ ಓದಿದವರು, ಶ್ರೀನಿಧಿ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸವನ್ನೂ ಮಾಡಿದವರು. ಪಾತ್ರ ಸಿಗುವವರೆಗೆ ಕಾಯುವ ಧೈರ್ಯ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ, ಕೈಯಲ್ಲಿರುವ ಪದವಿಯೂ ಅದರಲ್ಲಿ ಸೇರಿರುತ್ತದೆ ಎನ್ನಬೇಕು.

ಆಕ್ಷೇಪಗಳನ್ನು ಮರೆತು ಈ ವೃತ್ತಿಯ ಬಗ್ಗೆ ಬರೆಯುವುದು ನ್ಯಾಯವಲ್ಲ. 1996ರ ನವೆಂಬರ್ 23ರಂದು ವಿಶ್ವ ಸುಂದರಿ ಸ್ಪರ್ಧೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ಅಮಿತಾಭ್ ಬಚ್ಚನ್ ಅವರ ಕಂಪನಿಯ ಆಯೋಜನೆಯಲ್ಲಿ ನಡೆದಾಗ ರಾಜ್ಯ ಎರಡು ಭಾಗವಾಗಿತ್ತು. ಮುಖ್ಯಮಂತ್ರಿ ಜೆ.ಎಚ್. ಪಟೇಲ್ ಸ್ಪರ್ಧೆಯ ಬೆನ್ನಿಗೆ ನಿಂತರು. ಮಹಿಳಾ ಸಂಘಟನೆಗಳು, ಎಡಪಂಥೀಯರು, ಬಲಪಂಥೀಯರು, ರೈತ ಸಂಘದವರು ಬೇರೆ ಬೇರೆ ಕಾರಣಗಳಿಗಾಗಿ ವಿರೋಧಿಸಿದರು. ಈಜುಡುಗೆ ಸುತ್ತನ್ನು ಸೆಷೆಲ್ಸ್ ದ್ವೀಪಗಳಿಗೆ ಸಾಗಿಸಲಾಯಿತು. ಸಂಸ್ಕೃತಿಯ ಹೆಸರಿನ ಆಕ್ಷೇಪಕ್ಕಿಂತ, ಹೆಣ್ಣಿನ ದೇಹವನ್ನು ಅಳತೆಪಟ್ಟಿಗೆ ಇಳಿಸುವ ವ್ಯಾಪಾರವಿದು ಎಂಬ ಸ್ತ್ರೀವಾದಿಗಳ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಅದಕ್ಕೆ ಸ್ಪರ್ಧೆಯವರೇ ತಡವಾಗಿಯಾದರೂ ತಲೆಬಾಗಿದ್ದಾರೆ. 1951ರಲ್ಲಿ ಬಿಕಿನಿ ಸ್ಪರ್ಧೆಯಾಗಿಯೇ ಹುಟ್ಟಿದ ಮಿಸ್ ವರ್ಲ್ಡ್, 2014ರಲ್ಲಿ ಈಜುಡುಗೆ ಸುತ್ತನ್ನು ಕೈಬಿಡುವುದಾಗಿ ಪ್ರಕಟಿಸಿತು. ಈಗ ಅಲ್ಲಿ ಸಮಾಜಸೇವೆಯ ಯೋಜನೆಗೂ ಅಂಕವಿದೆ. ಮಾನುಷಿ ಅವರ ಯೋಜನೆ ಮುಟ್ಟಿನ ನೈರ್ಮಲ್ಯದ ಕುರಿತಾಗಿತ್ತು.

ಕೊನೆಯದಾಗಿ ಮದುವೆಯ ನಿಯಮ. ಫೆಮಿನಾ ಸ್ಪರ್ಧೆಗೆ 18ರಿಂದ 25ರ ಒಳಗಿನ ಅವಿವಾಹಿತೆಯರು ಮಾತ್ರ ಅರ್ಹರು ಎಂಬುದು ಎಲ್ಲರಿಗೂ ಪರಿಚಿತ, ಅದು ಸಹಜವೆಂದೇ ಅನೇಕರು ತಿಳಿದಿದ್ದಾರೆ. ಆದರೆ 1947ರಲ್ಲಿ ಮೊದಲ ಮಿಸ್ ಇಂಡಿಯಾ ಎನಿಸಿಕೊಂಡ ನಟಿ ಪ್ರಮೀಳಾ, ಅಂದರೆ ಎಸ್ತರ್ ವಿಕ್ಟೋರಿಯಾ ಅಬ್ರಹಾಂ, ಮೂವತ್ತು ದಾಟಿದ ಗೃಹಿಣಿ, ಮಕ್ಕಳ ತಾಯಿ. ಅವರ ಮಗಳು ನಕಿ ಜಹಾನ್ ಕೂಡ 1967ರಲ್ಲಿ ಮಿಸ್ ಇಂಡಿಯಾ ಆದರು. 1952ರಲ್ಲಿ ಗೆದ್ದು ಮೊದಲ ಭುವನ ಸುಂದರಿ ಸ್ಪರ್ಧೆಗೆ ಹೋದ ಇಂದ್ರಾಣಿ ರೆಹಮಾನ್ ವಿವಾಹಿತೆ, ಆಗಲೇ ವೃತ್ತಿಪರ ನೃತ್ಯಗಾತಿ; ಮುಂದೆ ಒಡಿಸ್ಸಿ ನೃತ್ಯವನ್ನು ದೇಶವಿದೇಶಗಳಿಗೆ ಪರಿಚಯಿಸಿ 1969ರಲ್ಲಿ ಪದ್ಮಶ್ರೀ ಪಡೆದರು. ಭುವನ ಸುಂದರಿ ಸ್ಪರ್ಧೆ ವಿವಾಹಿತೆಯರಿಗೆ ಮತ್ತು ತಾಯಂದಿರಿಗೆ ಈಗ ಬಾಗಿಲು ತೆರೆದಿದೆ, 2024ರಿಂದ ಗರಿಷ್ಠ ವಯಸ್ಸಿನ ಮಿತಿಯನ್ನೂ ತೆಗೆದಿದೆ. ಪದವಿ ಮುಗಿಯುವುದೂ, ವರ ನೋಡಲು ಆರಂಭಿಸುವುದೂ, ಸ್ಪರ್ಧೆಯ ವಯಸ್ಸು ಮುಗಿಯುವುದೂ ಒಂದೇ ಕಾಲಕ್ಕೆ ಬಂದು ಬೀಳುವ ನಮ್ಮ ಜಿಲ್ಲೆಗಳ ಮನೆಗಳಲ್ಲಿ, ಓದು ಮುಗಿಸಿ, ಕೆಲಸ ಹಿಡಿದು, ಆಮೇಲೆ ಸ್ವಂತ ದುಡ್ಡಿನಲ್ಲಿ ಅರ್ಜಿ ಹಾಕಲು ಈ ಒಂದು ಬದಲಾವಣೆಯಿಂದ ಅವಕಾಶವಾಗಿದೆ. ಅರ್ಜಿ ಹಾಕುವ ಮುನ್ನ ವಿಚಾರಿಸಬೇಕಾದದ್ದು ಇಷ್ಟೇ: ಗೆದ್ದವರನ್ನು ಆ ಸಂಸ್ಥೆ ಎಲ್ಲಿಗೆ ಕಳುಹಿಸುತ್ತದೆ, ನೋಂದಣಿ, ತರಬೇತಿ, ಉಡುಪು ಎಂದು ಒಟ್ಟು ಎಷ್ಟು ಹಣ ಕೇಳುತ್ತದೆ, ಗೆದ್ದ ಮೇಲೆ ಸಹಿ ಹಾಕಬೇಕಾದ ಕರಾರಿನ ಪ್ರತಿಯನ್ನು ಮೊದಲೇ ತೋರಿಸುತ್ತದೆಯೇ.